ಕಟ್ಟಿ ನೋಡಿದರೆ ತಿಳಿದೀತು

ಪೀಣ್ಯದಲ್ಲಿ ಲೇತ್ ಹಿಡಿದು ದುಡಿಯುವವನು ಅದರ ಗೇರು, ಬೆಲ್ಟುಗಳನ್ನು ಬಲ್ಲನು. ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಲ್ಲೇ ಬೆಳೆಯುವ ನಮ್ಮ ಮಕ್ಕಳಿಗಾದರೋ ಕಂಪ್ಯೂಟರೆಂದರೆ ಗುಂಡಿ ಒತ್ತಿದರೆ ಬೆಳಗುವ ಪೆಟ್ಟಿಗೆ. ಪ್ರತಿಯೊಬ್ಬ ಪ್ರೌಢಶಾಲಾ ವಿದ್ಯಾರ್ಥಿಯೂ ಒಮ್ಮೆಯಾದರೂ ಹಳೆಯ ಲ್ಯಾಪ್‌ಟಾಪಿನಲ್ಲಿ ಆರ್ಚ್ ಲಿನಕ್ಸನ್ನು ಕೈಯಾರೆ ಸ್ಥಾಪಿಸಬೇಕೆಂಬುದು ನನ್ನ ಅಭಿಪ್ರಾಯ.

2002ರಲ್ಲಿ ಆರಂಭವಾದ ಈ ಉಚಿತ ವ್ಯವಸ್ಥೆಯಲ್ಲಿ ಬಡಿಸಿಟ್ಟ ಎಲೆಯಿಲ್ಲ, ಅಡುಗೆ ನಮ್ಮದೇ. ಡಿಸ್ಕನ್ನು ವಿಭಾಗಿಸುವುದು, ಕರ್ನೆಲ್ ತರುವುದು, ಬೂಟ್‌ಲೋಡರ್ ಕೂರಿಸುವುದು, ಕೈಯಾರೆ ಸ್ಥಾಪಿಸುವಾಗ ಎಲ್ಲವನ್ನೂ ಮಾರ್ಗದರ್ಶಿ ಓದಿ, ಆಜ್ಞೆ ಬರೆದೇ ಮಾಡಬೇಕು. ನಾನೂ ಮೊಮ್ಮಗಳೂ ಮೊದಲ ಬಾರಿ ಮಾಡಿದಾಗ ಎರಡು ದಿನ ಹಿಡಿಯಿತು. ಪರದೆ ಬೆಳಗಿತು, ಕನ್ನಡದ ಜಾಗದಲ್ಲಿ ಬರಿಯ ಚೌಕಗಳು! ನೋಟೊ ಫಾಂಟ್ ಹಾಕಿದ ಮೇಲೆ ಅಕ್ಷರಗಳು ಮೂಡಿದವು. ಐಬಸ್, ಎಂ17ಎನ್ ಸೇರಿಸಿದ ಮೇಲೆ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ದೊರೆಯಿತು. ಯಂತ್ರದೊಳಕ್ಕೆ ಕನ್ನಡ ತಾನಾಗಿ ಬಂದುದಲ್ಲ, ಯಾರೋ ಶ್ರಮಪಟ್ಟು ತಂದುದು ಎಂಬುದನ್ನು ಅವಳು ಅಂದು ಅರಿತಳು. ಯಾವ ಪಠ್ಯಪುಸ್ತಕವೂ ಅದನ್ನು ಅಷ್ಟು ಚೆನ್ನಾಗಿ ಕಲಿಸಲಾರದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವೈಟ್‌ಫೀಲ್ಡಿನಲ್ಲಿ ದುಡಿಯುವ ನನ್ನ ಶಿಷ್ಯರೇ, ಕಪಾಟಿನಲ್ಲಿರುವ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕದಿರಿ. ಹತ್ತಿರದ ಸರ್ಕಾರಿ ಶಾಲೆಗೆ ಕೊಡಿ; ಕೊಟ್ಟು ಹಿಂದಿರುಗದೆ, ಒಂದು ಶನಿವಾರ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ.