ಬೆಂಕಿಗೆ ತಕ್ಕ ಮದ್ದು

ಮನೆ ಹತ್ತಿ ಉರಿಯುವಾಗ ಬಾವಿ ತೋಡಿದರೆಂಬ ಗಾದೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಆದರೆ ಬಾವಿಯನ್ನು ಮೊದಲೇ ತೋಡಿಟ್ಟವರೂ ಕೆಲವು ವೇಳೆ ಕೆಡುವುದುಂಟು. ಏಕೆಂದರೆ ಎಲ್ಲ ಬೆಂಕಿಗೂ ನೀರು ಮದ್ದಲ್ಲ. ನಮ್ಮ ಮನೆಯವರು ಹಗಲೆಲ್ಲ ದುಡಿಯುವ ಕಚೇರಿ, ಅಂಗಡಿ, ಅಚ್ಚುಕೂಟ, ಹೋಟೆಲುಗಳಲ್ಲಿ ಈ ಮಾತು ತಿಳಿದಿರುವುದು ಅತ್ಯಾವಶ್ಯಕವೆಂದು ಭಾವಿಸಿ ಈ ತಿಂಗಳು ಅದನ್ನೇ ಪ್ರಸ್ತಾಪಿಸುತ್ತೇವೆ.

ಬೆಂಕಿಯು ಉಳಿಯಬೇಕಾದರೆ ಉರಿಯುವ ಪದಾರ್ಥ, ಸಾಕಷ್ಟು ಕಾವು, ಗಾಳಿಯಲ್ಲಿರುವ ಪ್ರಾಣವಾಯು ಈ ಮೂರೂ ಬೇಕು. ಇವುಗಳಲ್ಲಿ ಒಂದನ್ನು ತಪ್ಪಿಸಿದರೂ ಅದು ಆರುವುದು. ನೀರು ಕಾವನ್ನು ಕಳೆಯುತ್ತದೆ. ನೊರೆಯು ಹೊದಿಕೆಯಾಗಿ ಗಾಳಿಯನ್ನು ತಡೆಯುತ್ತದೆ. ಇಂಗಾಲಾಮ್ಲವಾಯುವು ಪ್ರಾಣವಾಯುವನ್ನು ದೂರಕ್ಕೆ ದೂಡುತ್ತದೆ. ಒಣ ಪುಡಿಯು ಉರಿಯುವ ರಾಸಾಯನಿಕ ಕ್ರಿಯೆಯನ್ನೇ ಮುರಿಯುತ್ತದೆ. ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರುಗಳು ನೋಡಲು ಒಂದೇ ತೆರನಾಗಿದ್ದರೂ ಒಳಗಿನ ಮದ್ದು ಬೇರೆ ಬೇರೆ. ರೋಗವನ್ನರಿಯದೆ ಮದ್ದು ಕೊಡುವ ವೈದ್ಯನಂತೆ ನಾವಾಗಕೂಡದು.

ನಮ್ಮ ದೇಶದಲ್ಲಿ ಬೆಂಕಿಯನ್ನು ಅಕ್ಷರಗಳಿಂದ ವಿಂಗಡಿಸಿರುತ್ತಾರೆ. ಕಟ್ಟಿಗೆ, ಬಟ್ಟೆ, ಕಾಗದಗಳ ಬೆಂಕಿ ‘ಎ’ ವರ್ಗದ್ದು. ಇದಕ್ಕೆ ನೀರು ಉತ್ತಮ, ಬೂದಿಯೊಳಗಿನ ಕೆಂಡವನ್ನೂ ಅದು ತಣಿಸುವುದು. ಪೆಟ್ರೋಲು, ಸೀಮೆಎಣ್ಣೆ, ವಾರ್ನಿಷುಗಳದು ‘ಬಿ’ ವರ್ಗ. ಇಲ್ಲಿ ನೀರೆರಚಿದರೆ ಹಗುರವಾದ ಎಣ್ಣೆಯು ಮೇಲೆ ತೇಲಿ ಉರಿಯುತ್ತಲೇ ಹರಡುವುದು. ನೊರೆ ಅಥವಾ ಪುಡಿಯೇ ಇದಕ್ಕೆ ತಕ್ಕುದು. ಅಡಿಗೆಯ ಅನಿಲದಂಥವು ‘ಸಿ’ ವರ್ಗಕ್ಕೆ ಸೇರುತ್ತವೆ. ಇಲ್ಲಿ ಮೊದಲು ಅನಿಲವು ಬರುವ ದಾರಿಯನ್ನೇ ಮುಚ್ಚತಕ್ಕದ್ದು. ಅದನ್ನು ಮುಚ್ಚದೆ ಉರಿಯನ್ನು ಮಾತ್ರ ಆರಿಸಿದರೆ ಅನಿಲವು ಕೋಣೆಯೆಲ್ಲ ತುಂಬಿ, ಒಂದು ಕಿಡಿಗೆ ಸಿಡಿಯುವ ಭಯವುಂಟು. ಮೆಗ್ನೀಸಿಯಂ ಮೊದಲಾದ ಲೋಹಗಳು ‘ಡಿ’ ವರ್ಗ. ಅವಕ್ಕೆ ಪ್ರತ್ಯೇಕವಾದ ಪುಡಿಯೇ ಬೇಕು. ಅಮೆರಿಕದಿಂದ ಬಂದ ಸಾಮಗ್ರಿಯ ಮೇಲೆ ಮಾತ್ರ ‘ಸಿ’ ಎಂದರೆ ವಿದ್ಯುತ್ತಿನ ಬೆಂಕಿ ಎಂದರ್ಥ. ಕೊಳ್ಳುವವರು ಇದನ್ನು ಗಮನಿಸಬೇಕು.

ವಿದ್ಯುತ್ತು ಹರಿಯುತ್ತಿರುವ ತಂತಿಗೆ ನೀರನ್ನಾಗಲಿ ಸಾಮಾನ್ಯ ನೊರೆಯನ್ನಾಗಲಿ ಹಾಕುವುದು ಪ್ರಾಣಾಪಾಯ. ಸಾಧ್ಯವಾದರೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಕಂಪ್ಯೂಟರುಗಳಿರುವ ಕಚೇರಿಗೆ ಇಂಗಾಲಾಮ್ಲವಾಯುವಿನ ಸಿಲಿಂಡರು ಮೇಲು, ಅದು ಯಾವ ಕಲ್ಮಷವನ್ನೂ ಉಳಿಸುವುದಿಲ್ಲ. ಆದರೆ ಚಿಕ್ಕ ಮುಚ್ಚಿದ ಕೋಣೆಯಲ್ಲಿ ಅದು ನಮ್ಮ ಉಸಿರನ್ನೂ ಕಟ್ಟಿಸಬಲ್ಲದು. ಎ, ಬಿ, ಸಿ ಮೂರಕ್ಕೂ ಆಗುವ ಪುಡಿಯು ಬಹೂಪಯೋಗಿಯೇ ಸರಿ. ಅದು ಯಂತ್ರಗಳ ಮೇಲೆ ಕುಳಿತು ಅವನ್ನು ಕೆಡಿಸುವುದೆಂಬುದೊಂದೇ ಕುಂದು.

ಹೋಟೆಲಿನ ಬಾಣಲೆಯ ವಿಚಾರವೇ ಬೇರೆ. ಹತ್ತಿಕೊಂಡ ಎಣ್ಣೆಯ ಕಾವು ನೀರು ಕುದಿಯುವ ೧೦೦ ಡಿಗ್ರಿಗಿಂತ ಬಹಳ ಹೆಚ್ಚು. ಅದಕ್ಕೆ ನೀರು ಬಿದ್ದೊಡನೆ ತಳಕ್ಕಿಳಿದು, ಸುಮಾರು ೧,೭೦೦ ಪಾಲು ಹಿಗ್ಗಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುವುದು. ಒಲೆಯನ್ನಾರಿಸಿ, ಲೋಹದ ಮುಚ್ಚಳವನ್ನು ಮೆಲ್ಲನೆ ಪಕ್ಕದಿಂದ ಸರಿಸಿ ಮುಚ್ಚಿ, ಪೂರ್ಣವಾಗಿ ತಣಿಯುವವರೆಗೆ ತೆರೆಯದಿರುವುದೇ ಸಣ್ಣ ಬಾಣಲೆಗೆ ಉಪಾಯ. ದೊಡ್ಡ ಅಡಿಗೆಮನೆಗಳಿಗಾಗಿ ಒಂದು ಬಗೆಯ ರಾಸಾಯನಿಕ ದ್ರಾವಣದ ಸಿಲಿಂಡರುಂಟು. ಅದು ಎಣ್ಣೆಯೊಡನೆ ಕೂಡಿ ಸಾಬೂನಿನಂಥ ಪದರವನ್ನು ಕಟ್ಟಿ ಉರಿಯನ್ನು ಅಡಗಿಸುವುದು.

ಕೊಳ್ಳುವಾಗ ಐಎಸ್‌ಐ ಮುದ್ರೆಯನ್ನೂ, ಐಎಸ್ ೧೫೬೮೩ ಎಂಬ ಸಂಖ್ಯೆಯನ್ನೂ ನೋಡತಕ್ಕದ್ದು. ಪುಡಿಯ ಸಿಲಿಂಡರಿಗೆ ಒತ್ತಡದ ಮುಳ್ಳಿದ್ದರೆ ಅದು ಹಸಿರು ಭಾಗದಲ್ಲಿರಬೇಕು. ಇಂಗಾಲಾಮ್ಲವಾಯುವಿನದಕ್ಕೆ ಸಾಮಾನ್ಯವಾಗಿ ಮುಳ್ಳಿರುವುದಿಲ್ಲ; ತೂಗಿಯೇ ತಿಳಿಯಬೇಕು. ಕೈಗೆಟಕುವಂತೆ, ಹೊರಬಾಗಿಲಿನ ಹತ್ತಿರ ತೂಗುಹಾಕುವುದು ಒಳ್ಳೆಯದು. ಒಲೆಯ ಹಿಂದೆ ತೂಗುಹಾಕಿದರೆ ಬೇಕಾದಾಗ ಬೆಂಕಿಯನ್ನು ದಾಟಿಯೇ ಹೋಗಬೇಕಾದೀತು!

ಉಪಯೋಗಿಸುವ ಕ್ರಮವು ಸುಲಭ. ಪಿನ್ನನ್ನು ಕಿತ್ತು, ಉರಿಯ ಬುಡಕ್ಕೆ ಗುರಿಯಿಟ್ಟು, ಹಿಡಿಯನ್ನು ಒತ್ತಿ, ಎಡಕ್ಕೂ ಬಲಕ್ಕೂ ಆಡಿಸಬೇಕು. ಚಿಕ್ಕ ಸಿಲಿಂಡರು ಕೆಲವೇ ಸೆಕೆಂಡುಗಳಲ್ಲಿ ಬರಿದಾಗುವುದು. ಆದುದರಿಂದ ಅದು ಈಗತಾನೆ ಹುಟ್ಟಿದ ಬೆಂಕಿಗೆ ಮಾತ್ರ. ಬೆಂಕಿ ಹಬ್ಬಿದ್ದರೆ, ಹೊಗೆ ತುಂಬಿದ್ದರೆ, ಬೆನ್ನ ಹಿಂದೆ ಬಾಗಿಲಿಲ್ಲದಿದ್ದರೆ ಎಲ್ಲವನ್ನೂ ಬಿಟ್ಟು ಹೊರಗೆ ನಡೆದು ೧೦೧ ಅಥವಾ ೧೧೨ಕ್ಕೆ ತಿಳಿಸಬೇಕು.

ನ್ಯೂಯಾರ್ಕಿನ ಟ್ರಯಾಂಗಲ್ ಹೊಲಿಗೆ ಕಾರ್ಖಾನೆಯಲ್ಲಿ ೧೯೧೧ನೆಯ ಮಾರ್ಚ್ ೨೫ರಂದು ಚಿಂದಿಯ ರಾಶಿಗೆ ಹತ್ತಿದ ಬೆಂಕಿಗೆ ಕೆಲಸಗಾರರು ಬಕೆಟ್ಟುಗಳಿಂದ ನೀರೆರಚಿದರು. ಮದ್ದು ಸರಿಯಾದುದೇ, ಆದರೆ ಬೆಂಕಿ ಮುಂದಾಗಿತ್ತು, ಮೇಲಿನ ಅಂತಸ್ತಿನ ಒಂದು ಬಾಗಿಲಿಗೆ ಬೀಗವಿತ್ತು. ೧೪೬ ಮಂದಿ ಮಡಿದರು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ೨೦೧೦ನೆಯ ಫೆಬ್ರವರಿ ೨೩ರಂದು ಹೊಗೆಯು ಮಹಡಿಗಳನ್ನು ತುಂಬಿದಾಗ ಕೆಲವರು ಕಿಟಕಿಗಳಿಂದ ಹಾರಿದರು. ೯ ಮಂದಿ ಮನೆಗೆ ಮರಳಲಿಲ್ಲ. ಅವರೂ ಬೆಳಗ್ಗೆ ಎಂದಿನಂತೆ ಕೆಲಸಕ್ಕೆಂದು ಹೊರಟವರೇ.

ಗೃಹಸ್ಥರೂ ಗೃಹಿಣಿಯರೂ ಕೆಲಸದಿಂದ ಬಂದ ಮಗನನ್ನೋ ಸೊಸೆಯನ್ನೋ ಈ ಸಂಜೆಯೇ ಕೇಳಲಿ: ನಿನ್ನ ಮೇಜಿಗೆ ಹತ್ತಿರವಿರುವ ಸಿಲಿಂಡರಿನಲ್ಲಿ ಯಾವ ಮದ್ದಿದೆ? ಹಿಂಬದಿಯ ಮೆಟ್ಟಿಲಿನ ಬಾಗಿಲು ತೆರೆಯುತ್ತದೆಯೆ? ಉತ್ತರ ತಿಳಿಯದಿದ್ದರೆ ನಾಳೆ ನೋಡಿಕೊಂಡು ಬರಲಿ.