ಪಿಸ್ತೂಲಿನ ಟ್ರಿಗರ್ ಬದಲಿಸುವ ವಿಚಾರ: ಲೈಸೆನ್ಸ್ ಇರುವವರೂ ಅವರ ಮನೆಯವರೂ ಓದಬೇಕಾದದ್ದು



ನಮ್ಮ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಬರುವುದು ಕನ್ನಡ ಶಾಲೆಗಳ ಮೇಷ್ಟ್ರ ಹುದ್ದೆ, ಗಡಿ ಬಸ್ಸು, ರಾಜ್ಯೋತ್ಸವದ ಚಂದಾ. ಈ ಸಲ ಪಿಸ್ತೂಲಿನ ವಿಷಯ ಬಂದಿದೆ ಎಂದು ಯಾರೂ ಗಾಬರಿಯಾಗಬೇಡಿ. ಆದೋನಿ, ಆಲೂರು, ಹೊಳಗುಂದ ಕಡೆಯ ಮೂರ್ನಾಲ್ಕು ಜನ ಸದಸ್ಯರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ. ಅವರ ಹತ್ತಿರ .32 ಬೋರಿನ ಪಿಸ್ತೂಲಿಗೆ ಲೈಸೆನ್ಸ್ ಇದೆ. ಟ್ರಿಗರ್ ಬಿಗಿ, ಬೆರಳು ನೋಯುತ್ತದೆ, ಗುರಿ ಅಲುಗುತ್ತದೆ. ಅಮೆರಿಕದಲ್ಲಿರುವ ಅಣ್ಣನ ಮಗ, ಅಳಿಯ, ಯಾರೋ ಒಬ್ಬರು, ‘ಇಲ್ಲಿ ನೂರು ನೂರೈವತ್ತು ಡಾಲರಿಗೆ ಬೇರೆ ಕಂಪನಿಯ ನುಣುಪಾದ ಟ್ರಿಗರ್ ಸಿಗುತ್ತೆ, ಊರಿಗೆ ಬರುವಾಗ ತರಲಾ’ ಎನ್ನುತ್ತಾರೆ. ಮೊಬೈಲಿನಲ್ಲಿ ಅದನ್ನು ಕೂರಿಸುವ ವೀಡಿಯೋ ಬೇರೆ ಇವೆ. ತರಿಸಿದರೆ ತಪ್ಪೇನು ಎಂಬುದು ಪ್ರಶ್ನೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಬರೆದು ಹಾಕುವುದು ಮೇಲು ಅನಿಸಿತು. ಗುಮಾಸ್ತನಾಗಿ ಸರ್ವೀಸ್ ಮುಗಿಸಿದವನಿಗೆ ಕಲಂ ಓದುವ ಚಟ ಅಷ್ಟು ಬೇಗ ಬಿಡುವುದಿಲ್ಲ.

ಮೊದಲು ಅಮೆರಿಕದ ಮಾತು, ಏಕೆಂದರೆ ಆಸೆ ಹುಟ್ಟುತ್ತಿರುವುದು ಅಲ್ಲಿಂದ. ಅಲ್ಲಿನ ಫೆಡರಲ್ ಕಾನೂನಿನ ಕಣ್ಣಿನಲ್ಲಿ ‘ಬಂದೂಕು’ ಎಂದರೆ ನಂಬರ್ ಹೊಡೆದಿರುವ ಮುಖ್ಯ ಚೌಕಟ್ಟು. ಮಿಕ್ಕ ಟ್ರಿಗರ್, ಸ್ಪ್ರಿಂಗು, ಹಿಡಿಕೆ ಇವೆಲ್ಲ ಬಹುಮಟ್ಟಿಗೆ ಸೈಕಲ್ಲಿನ ಬಿಡಿಭಾಗ ಇದ್ದ ಹಾಗೆ, ಯಾರು ಬೇಕಾದರೂ ಕೊಳ್ಳಬಹುದು. ಹಾಗಾಗಿ ಅಲ್ಲಿ ಅದೊಂದು ದೊಡ್ಡ ವ್ಯಾಪಾರ. ಸಾಮಾನ್ಯ ಗ್ಲಾಕ್ ಪಿಸ್ತೂಲಿನ ಟ್ರಿಗರ್ ಎಳೆಯಲು ಸುಮಾರು ಎರಡೂವರೆ ಕಿಲೋ ಬಲ ಬೇಕು. ಅದನ್ನು ಕಡಿಮೆ ಮಾಡಿಕೊಳ್ಳುವುದು, ಗುಂಡು ಹಾರುವ ಮೊದಲಿನ ಸಡಿಲ ಚಲನೆಯನ್ನು ಮೊಟಕು ಮಾಡಿಕೊಳ್ಳುವುದು ಸ್ಪರ್ಧೆಗೆ ಹೋಗುವವರ ಹವ್ಯಾಸ. ಆದರೆ ಅಲ್ಲಿಯೂ ಎಲ್ಲರೂ ಹಗುರವೇ ಒಳ್ಳೆಯದು ಅಂದುಕೊಂಡಿಲ್ಲ. ನ್ಯೂಯಾರ್ಕ್ ಪೊಲೀಸರು ಬಹುಕಾಲ ತಮ್ಮವರ ಪಿಸ್ತೂಲಿಗೆ 12 ಪೌಂಡಿನ, ಅಂದರೆ ಐದು ಕಿಲೋಗೂ ಮಿಕ್ಕಿದ ಬಲ ಕೇಳುವ ಟ್ರಿಗರನ್ನೇ ಹಾಕಿಸಿದ್ದರು. ಗಾಬರಿಯಲ್ಲಿ ಬೆರಳು ತಾಗಿದ ಮಾತ್ರಕ್ಕೆ ಗುಂಡು ಹಾರಬಾರದು ಎಂಬ ಲೆಕ್ಕ. ಅಷ್ಟು ಬಿಗಿಯಾದರೆ ಗುರಿ ತಪ್ಪಿ ದಾರಿಹೋಕರಿಗೆ ತಗಲುತ್ತದೆ ಎಂದು ವಾದಿಸಿದವರೂ ಇದ್ದರು. ಎರಡೂ ಕಡೆ ನ್ಯಾಯ ಉಂಟು.

ಇನ್ನೊಂದು ಪ್ರಕರಣ ಕೇಳಿ. ಅಮೆರಿಕದ ಸೈನ್ಯ 2017ರ ಜನವರಿಯಲ್ಲಿ ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲಿನ ಮಾದರಿಯನ್ನು ಆರಿಸಿಕೊಂಡಿತು. ಅದೇ ವರ್ಷ ಆಗಸ್ಟಿನಲ್ಲಿ, ಮಾರುಕಟ್ಟೆಯಲ್ಲಿದ್ದ ಪಿ320 ಒಂದು ಕೋನದಲ್ಲಿ ನೆಲಕ್ಕೆ ಬಿದ್ದರೆ ತಾನೇ ಗುಂಡು ಹಾರಿಸುತ್ತದೆ ಎಂದು ಬಯಲಾಯಿತು. ಟ್ರಿಗರ್ ತುಂಡಿನ ತೂಕವೇ ಕಾರಣಗಳಲ್ಲೊಂದು: ಬಿದ್ದ ರಭಸಕ್ಕೆ ಆ ತುಂಡು ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಕಂಪನಿ ಹಗುರವಾದ ಟ್ರಿಗರನ್ನೂ ಒಳಗಿನ ಇನ್ನು ಕೆಲವು ಭಾಗಗಳನ್ನೂ ಉಚಿತವಾಗಿ ಬದಲಿಸಿಕೊಟ್ಟಿತು. ಇಂಜಿನಿಯರುಗಳ ಪಡೆ ಇರುವ ಕಂಪನಿಗೇ, ಸೈನ್ಯಕ್ಕೆ ಮಾಲು ಕೊಡುವ ಕಂಪನಿಗೇ ಟ್ರಿಗರಿನ ಒಂದು ತುಂಡಿನ ಲೆಕ್ಕ ತಪ್ಪಿತು. ಟ್ರಿಗರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದರ ಹಿಂದೆ ಹಿಡಿದಿಡುವ ಕೊಂಡಿ, ಸ್ಪ್ರಿಂಗು, ಬಿದ್ದರೆ ತಡೆಯುವ ಅಡ್ಡಗಟ್ಟು, ಒಂದು ಎಳೆತಕ್ಕೆ ಒಂದೇ ಗುಂಡು ಹಾರುವಂತೆ ಸಂಪರ್ಕ ಕಡಿಯುವ ಭಾಗ ಎಲ್ಲ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ವೀಡಿಯೋ ನೋಡಿ ಮನೆಯಲ್ಲಿ ಕೂರಿಸಿದವರಿಗೆ ಇವುಗಳಲ್ಲಿ ಯಾವುದು ಕೆಟ್ಟಿತು ಎಂದು ಗೊತ್ತಾಗುವುದು ಕೆಟ್ಟ ಮೇಲೆಯೇ.

ಈಗ ನಮ್ಮ ಕಾನೂನು. 1959ರ ಆಯುಧ ಕಾಯ್ದೆಯ ಕಲಂ 2ರಲ್ಲಿ ‘ಬಂದೂಕು’ ಎಂಬುದರ ಅರ್ಥ ಕೊಟ್ಟಿದ್ದಾರೆ. ಬಂದೂಕಿನ ಬಿಡಿಭಾಗಗಳೂ ಆ ಅರ್ಥದೊಳಗೇ ಸೇರುತ್ತವೆ. ಅಮೆರಿಕಕ್ಕೂ ನಮಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಅಲ್ಲಿ ಅಂಗಡಿಯ ಸಾಮಾನು ಆದದ್ದು ಇಲ್ಲಿ ವಿಮಾನ ಇಳಿದ ಕೂಡಲೇ ಆಯುಧ. ವಿದೇಶದಿಂದ ತರಲು ಕಲಂ 10ರ ಪ್ರಕಾರ ಬೇರೆ ಲೈಸೆನ್ಸ್ ಬೇಕು. ನಿಮ್ಮ ಪಿಸ್ತೂಲಿಗೆ ಇರುವ ಲೈಸೆನ್ಸ್ ಪುಸ್ತಕ ತೋರಿಸಿದರೆ ಕಸ್ಟಮ್ಸ್‌ನವರು ಬಿಟ್ಟಾರು ಎಂಬ ಭರವಸೆ ಬೇಡ. ಸಿಕ್ಕಿಬೀಳುವವರು ನೀವಲ್ಲ, ದಸರೆಗೆ ಊರಿಗೆ ಬರುತ್ತಿರುವ ಹುಡುಗ. ಅವನ ಪಾಸ್‌ಪೋರ್ಟು, ವೀಸಾ, ಕೆಲಸ ಎಲ್ಲ ಒಂದು ಬೆರಳುದ್ದದ ಅಲ್ಯೂಮಿನಿಯಂ ತುಂಡಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ಇನ್ನು ಕಲಂ 5. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು, ಮಾರುವುದು ಮಾತ್ರವಲ್ಲ, ಮಾರ್ಪಡಿಸುವುದು, ರಿಪೇರಿ ಮಾಡುವುದು ಕೂಡ ಅಲ್ಲಿ ನಿಷಿದ್ಧ. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ರಿಪೇರಿ ಮಾಡುವ ಲೈಸೆನ್ಸ್ ಬೇರೆ. 2019ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿ ತಂದ ಮೇಲೆ ಕಲಂ 5ರ ಉಲ್ಲಂಘನೆಗೆ ಕನಿಷ್ಠ ಶಿಕ್ಷೆ 7 ವರ್ಷ, ಗರಿಷ್ಠ ಜೀವಾವಧಿ. ಮೊದಲು ಇದು 3ರಿಂದ 7 ವರ್ಷ ಇತ್ತು. ಅದೇ ತಿದ್ದುಪಡಿಯಲ್ಲಿ ಕಲಂ 6ಕ್ಕೆ ಇನ್ನೊಂದು ಮಾತು ಸೇರಿಸಿದರು: 2016ರ ಆಯುಧ ನಿಯಮಗಳಲ್ಲಿ ಹೇಳಿರುವ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವಂತಿಲ್ಲ. ಸ್ವಂತ ಪಿಸ್ತೂಲಿಗೆ ಒಂದು ಟ್ರಿಗರ್ ಬದಲಿಸಿಕೊಂಡದ್ದು ‘ಮಾರ್ಪಾಡು’ ಹೌದೋ ಅಲ್ಲವೋ ಎಂದು ಒಳ್ಳೆಯ ವಕೀಲರು ಕೋರ್ಟಿನಲ್ಲಿ ವಾದಿಸಬಹುದು. ವಾದಕ್ಕೆ ಜಾಗ ಇದೆ ಎಂದೇ ನನಗೂ ಅನಿಸುತ್ತದೆ. ಆದರೆ ಕನಿಷ್ಠ 7 ವರ್ಷದ ಕಲಂ ಎದುರಿಗಿಟ್ಟುಕೊಂಡು ಆ ವಾದವನ್ನು ಪರೀಕ್ಷೆ ಮಾಡಲು ಹೊರಡುವವರು ನಮ್ಮ ಸಂಘದ ಸದಸ್ಯರಾಗುವುದು ಬೇಡ.

ಕಾಯ್ದೆಯಲ್ಲಿ ಟ್ರಿಗರ್ ಎಂಬ ಪದ ನೇರವಾಗಿಯೇ ಬರುವ ಜಾಗ ಒಂದಿದೆ. ಅದು ‘ನಿಷೇಧಿತ ಆಯುಧ’ದ ವಿವರಣೆ. ಟ್ರಿಗರ್ ಮೇಲೆ ಒತ್ತಡ ಹಾಕಿದರೆ, ಆ ಒತ್ತಡ ತೆಗೆಯುವ ತನಕ ಅಥವಾ ಮ್ಯಾಗಜೀನ್ ಖಾಲಿಯಾಗುವ ತನಕ ಗುಂಡು ಹಾರುತ್ತಲೇ ಇರುವಂತೆ ರೂಪಿಸಿದ ಅಥವಾ ಮಾರ್ಪಡಿಸಿದ ಬಂದೂಕು ಎಂದು ಅದರ ಸಾರಾಂಶ. ಅಂಥದ್ದು ಕೈಯಲ್ಲಿದ್ದರೆ 7ರಿಂದ 14 ವರ್ಷ. ಅಮೆರಿಕದ 1934ರ ಕಾನೂನು ಇದನ್ನೇ ಬೇರೆ ರೀತಿ ಹೇಳುತ್ತದೆ: ‘ಟ್ರಿಗರಿನ ಒಂದೇ ಕ್ರಿಯೆಗೆ’ ಒಂದಕ್ಕಿಂತ ಹೆಚ್ಚು ಗುಂಡು ಹಾರಿದರೆ ಅದು ಮೆಷಿನ್ ಗನ್ನು. ಈ ‘ಒಂದೇ ಕ್ರಿಯೆ’ ಎಂಬ ಮಾತು ಅಲ್ಲಿ ಎಷ್ಟು ಕೋಲಾಹಲ ಮಾಡಿದೆ ನೋಡಿ. 2017ರ ಅಕ್ಟೋಬರಿನಲ್ಲಿ ಲಾಸ್ ವೇಗಸ್‌ನ ಸಂಗೀತ ಕಾರ್ಯಕ್ರಮದ ಮೇಲೆ ಒಬ್ಬನು ಬಂದೂಕುಗಳಿಗೆ ‘ಬಂಪ್ ಸ್ಟಾಕ್’ ಎಂಬ ಸಾಧನ ಜೋಡಿಸಿ ಗುಂಡಿನ ಮಳೆ ಸುರಿಸಿದ. ಐವತ್ತಕ್ಕೂ ಹೆಚ್ಚು ಜನ ಸತ್ತರು. ಸರಕಾರ ಆ ಸಾಧನವನ್ನು ನಿಷೇಧಿಸಿತು. 2024ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬೆರಳು ಪ್ರತಿ ಗುಂಡಿಗೂ ಟ್ರಿಗರನ್ನು ಹೊಸದಾಗಿ ತಾಗುತ್ತಿದೆ, ಆದ್ದರಿಂದ ಅದು ‘ಒಂದೇ ಕ್ರಿಯೆ’ ಅಲ್ಲ ಎಂದು ಆರಕ್ಕೆ ಮೂರರ ಬಹುಮತದಲ್ಲಿ ನಿಷೇಧ ತೆಗೆದುಹಾಕಿತು. ಆಮೇಲೆ 2025ರ ಮೇ ತಿಂಗಳಲ್ಲಿ, ಗುಂಡು ಹಾರಿದ ಕೂಡಲೇ ಟ್ರಿಗರನ್ನು ಬಲವಂತವಾಗಿ ಮುಂದಕ್ಕೆ ತಳ್ಳುವ ಬಗೆಯ ಟ್ರಿಗರುಗಳ ಬಗ್ಗೆ ಅಲ್ಲಿನ ನ್ಯಾಯ ಇಲಾಖೆ ತಯಾರಕರ ಜೊತೆ ರಾಜಿ ಮಾಡಿಕೊಂಡಿತು. ಈಗ ವೀಡಿಯೋಗಳಲ್ಲಿ ಹೆಚ್ಚು ಓಡಾಡುತ್ತಿರುವುದು ಅದೇ ಬಗೆಯವು.

ನಮ್ಮ ಕಾಯ್ದೆಯ ಮಾತು ‘ಕ್ರಿಯೆ’ ಅಲ್ಲ, ‘ಒತ್ತಡ’. ಬೆರಳು ಒತ್ತಿಕೊಂಡೇ ಇದ್ದು ಗುಂಡು ಹಾರುತ್ತಲೇ ಹೋದರೆ, ಒಳಗೆ ಯಂತ್ರ ಹೇಗಾದರೂ ಕುಣಿಯಲಿ, ನನ್ನ ಓದಿನಲ್ಲಿ ಅದು ನಿಷೇಧಿತ ಆಯುಧವೇ. ಅಮೆರಿಕದಲ್ಲಿ ಕೋರ್ಟು ಬಿಟ್ಟಿದೆಯಲ್ಲ ಎಂಬ ವಾದ ಕರ್ನೂಲು ಕೋರ್ಟಿನಲ್ಲಿ ಕಾಸಿಗೂ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಲೈಸೆನ್ಸ್ ತೆಗೆದುಕೊಂಡು, ಠಾಣೆಗೂ ಕಲೆಕ್ಟರ್ ಕಚೇರಿಗೂ ಅಲೆದು, ಚುನಾವಣೆ ಬಂದಾಗಲೆಲ್ಲ ಬಂದೂಕು ಒಪ್ಪಿಸಿ ರಸೀದಿ ಪಡೆಯುವವನ ಮೇಲೆ ಇಷ್ಟು ಬಿಗಿ. ಕಳ್ಳ ಪಿಸ್ತೂಲು ಇಟ್ಟುಕೊಂಡವನಿಗೆ ಏನು? ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. ನಮ್ಮ ನೆರೆಯ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಶಾಸನ ಮತ್ತು ವಚನಗಳ ಸಂಶೋಧನೆಗೆ ಬದುಕು ಕೊಟ್ಟವರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದರು. ಎರಡೂ ಕಡೆ ಸಿಕ್ಕ ಗುಂಡು ಮತ್ತು ತೋಟಾಗಳನ್ನು ಹೋಲಿಸಿ, ಹಾರಿಸಿದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನಿಂದ ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. 7.65 ಮಿ.ಮೀ. ಎಂದರೆ ನಮ್ಮ ಸದಸ್ಯರು ಇಟ್ಟುಕೊಂಡಿರುವ .32 ಬೋರೇ. ಆ ಪಿಸ್ತೂಲು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ರಾಯಲಸೀಮೆಯ ಹಳೆಯ ಫ್ಯಾಕ್ಷನ್ ಜಗಳಗಳಲ್ಲಿ ಸಿಡಿದ ನಾಟು ಬಾಂಬುಗಳಿಗೂ ಲೈಸೆನ್ಸ್ ಇರಲಿಲ್ಲ.

ಆದರೂ ಆ ಎರಡು ಕೊಲೆಗಳ ಕೊಂಡಿ ಸಿಕ್ಕಿದ್ದು ಹೇಗೆ ಎಂಬುದನ್ನು ಗಮನಿಸಿ. ತೋಟಾದ ಹಿಂಬದಿಗೆ ಬಡಿಯುವ ಪಿನ್ನು ಬಿಟ್ಟ ಗುರುತು, ನಳಿಗೆ ಗುಂಡಿನ ಮೇಲೆ ಗೀಚಿದ ಗೆರೆ. ಒಳಗಿನ ಭಾಗಗಳೇ ಸಾಕ್ಷಿ ಹೇಳಿದವು. ಟ್ರಿಗರ್ ತಾನಾಗಿ ಗುರುತು ಬಿಡುವುದಿಲ್ಲ, ನಿಜ. ಆದರೆ ಬಿಡಿಭಾಗಗಳ ಕೊಡುಕೊಳ್ಳುವಿಕೆ ಸಂತೆಯ ಸರಕಾದರೆ ಇವತ್ತು ಟ್ರಿಗರ್, ನಾಳೆ ಪಿನ್ನು, ನಾಡಿದ್ದು ನಳಿಗೆ. ಬಿಡಿಭಾಗವನ್ನೂ ಬಂದೂಕು ಎಂದೇ ಕರೆದ 1959ರವರು ದಡ್ಡರಲ್ಲ. ಶಿಕ್ಷೆಯ ಅಳತೆ ಸರಿಯೇ ಎಂಬುದು ಬೇರೆ ಮಾತು. ಟ್ರಿಗರ್ ಬದಲಿಸಿದ ಹವ್ಯಾಸಿಗೂ ಕಾಡಿನಲ್ಲಿ ಕುಲುಮೆ ಹಾಕಿ ಪಿಸ್ತೂಲು ಮಾಡುವವನಿಗೂ ಒಂದೇ ಕಲಮಿನಲ್ಲಿ 7 ವರ್ಷ ಎಂದರೆ ಅದು ಒರಟು ತಕ್ಕಡಿ ಎಂದೇ ನನ್ನ ಅಭಿಪ್ರಾಯ.

ಕ್ರೀಡೆಯವರ ದಾರಿ ಬೇರೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಟ್ರಿಗರಿಗೆ ಕನಿಷ್ಠ ತೂಕ ಗೊತ್ತು ಮಾಡಿದ್ದಾರೆ: 10 ಮೀಟರ್ ಏರ್ ಪಿಸ್ತೂಲಿಗೆ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ. ತೂಕದ ಬಟ್ಟು ನೇತುಹಾಕಿ ನೋಡುತ್ತಾರೆ, ತಡೆಯದೆ ಟ್ರಿಗರ್ ಬಿಟ್ಟುಕೊಂಡರೆ ಪಿಸ್ತೂಲು ಹೊರಗೆ. 50 ಮೀಟರ್ ಪಿಸ್ತೂಲಿಗೆ ಮಾತ್ರ ಮಿತಿ ಇಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸಿನಲ್ಲಿ ಆಡಿದ್ದು ಅದನ್ನೇ; ಆಮೇಲೆ ಆ ಸ್ಪರ್ಧೆಯನ್ನು ಒಲಿಂಪಿಕ್ಸಿನಿಂದ ತೆಗೆದರು. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ಕಡೆಯ ಮಕ್ಕಳಿಗೂ ಈ ಆಟದ ಮೇಲೆ ಕಣ್ಣು ಬಿದ್ದಿದೆ, ಸಂತೋಷ. ಅಂಥವರು ಏರ್ ಪಿಸ್ತೂಲಿನಿಂದ, ರೈಫಲ್ ಅಸೋಸಿಯೇಷನ್ ಮೂಲಕ ಹೋಗಲಿ. ಸ್ಪರ್ಧೆಯ ಪಿಸ್ತೂಲಿನಲ್ಲಿ ಟ್ರಿಗರ್ ಹೊಂದಿಸಲು ಕಂಪನಿಯವರೇ ಸ್ಕ್ರೂ ಕೊಟ್ಟಿರುತ್ತಾರೆ.

ಕೊನೆಗೆ, ಟ್ರಿಗರಿಗಿಂತ ನಮ್ಮ ಜನಕ್ಕೆ ಹೆಚ್ಚು ಹತ್ತಿರದ ವಿಷಯ, ಗಡಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದ ಮೇಲೆ ಮನೆ ಒಂದು ರಾಜ್ಯ, ಹೊಲ ಇನ್ನೊಂದು ರಾಜ್ಯ ಆದವರು ಹಾಲಹರ್ವಿ, ಹೊಳಗುಂದ ಕಡೆ ಬೇಕಾದಷ್ಟು ಜನ. ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿ ಅದು ಎಲ್ಲೆಲ್ಲಿ ಊರ್ಜಿತ ಎಂಬ ಅಂಕಣ ಇರುತ್ತದೆ. ಅದರಲ್ಲಿ ಆಂಧ್ರಪ್ರದೇಶ ಎಂದಷ್ಟೇ ಇದ್ದರೆ, ಪಿಸ್ತೂಲು ಸೊಂಟದಲ್ಲಿಟ್ಟುಕೊಂಡು ಸಿರುಗುಪ್ಪ ಸಂತೆಗೋ ಬಳ್ಳಾರಿ ಆಸ್ಪತ್ರೆಗೋ ಹೋದರೆ ಗಡಿ ದಾಟಿದ ಕ್ಷಣದಿಂದ ನೀವು ಲೈಸೆನ್ಸ್ ಇಲ್ಲದವರು. ನೆರೆ ರಾಜ್ಯಕ್ಕೆ ವ್ಯಾಪ್ತಿ ಬೇಕಿದ್ದರೆ ಕಾರಣ ಬರೆದು ಅರ್ಜಿ ಹಾಕಿಕೊಳ್ಳಬೇಕು. ಚುನಾವಣೆಯಲ್ಲೂ ಇದೇ ಗೊಂದಲ: 2024ರಲ್ಲಿ ಬಳ್ಳಾರಿಯಲ್ಲಿ ಮತದಾನ ಮೇ 7ಕ್ಕೆ ಮುಗಿಯಿತು, ನಮ್ಮಲ್ಲಿ ಮೇ 13ಕ್ಕೆ. ಆ ಕಡೆಯ ನೆಂಟರ ಬಂದೂಕಿನ ಲೆಕ್ಕ ನಮಗೆ ಹಿಡಿಯುವುದಿಲ್ಲ.

ಹಂದಿ ಕಾಟಕ್ಕೆ ಕೊಡುವ ಬೆಳೆರಕ್ಷಣೆ ಬಂದೂಕಿನ ಬಗ್ಗೆ ಕೇಳಿದವರಿಗೂ ಒಂದು ಮಾತು. ಅದು ಕಲಂ 13ರಲ್ಲಿ ಪ್ರತ್ಯೇಕವಾಗಿಯೇ ಇದೆ, ಮತ್ತು ಅದು ಮದ್ದು ತುಂಬುವ ಬಂದೂಕಿಗೆ. ಪಿಸ್ತೂಲಿಗೆ ಅನ್ವಯಿಸುವುದಿಲ್ಲ.

ಟ್ರಿಗರ್ ನಿಜವಾಗಿಯೂ ಬಿಗಿಯಾಗಿದ್ದರೆ ಲೈಸೆನ್ಸ್ ಇರುವ ಡೀಲರ್ ಹತ್ತಿರ ಪುಸ್ತಕದ ಸಮೇತ ತೆಗೆದುಕೊಂಡು ಹೋಗಿ, ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ. ಎಷ್ಟೋ ಸಲ ವರ್ಷಗಟ್ಟಲೆ ಎಣ್ಣೆ ಕಾಣದ ಜಿಡ್ಡೇ ಕಾರಣವಾಗಿರುತ್ತದೆ. ಈಗಿನ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರಿಗೆ ಎರಡೇ ಬಂದೂಕು, ಯುಐಎನ್ ನಂಬರ್ ಕಡ್ಡಾಯ. ನವೀಕರಣದ ಅರ್ಜಿ ತೆಲುಗಿನಲ್ಲಿ ಇದ್ದು ತೊಂದರೆ ಆಗುವವರು ಪುಸ್ತಕದ ಜೆರಾಕ್ಸ್ ಮಾತ್ರ ಹಿಡಿದುಕೊಂಡು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಬನ್ನಿ, ತುಂಬಿಕೊಡುತ್ತೇವೆ. ಬಂದೂಕು ತರಬೇಡಿ.

— ಕಾರ್ಯದರ್ಶಿ, ಆಸ್ಪರಿ