ಹಳೇ ಹರಿಗೋಲಿಗೆ ಬೆಲೆ ಕಟ್ಟುವವರು ಯಾರು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ದೋಣಿಯ ಮಾತೆತ್ತಿದರೆ ನಗುವವರುಂಟು. ಕುಡಿಯುವ ನೀರಿಗೇ ಬಿಂದಿಗೆ ಸಾಲು ನಿಲ್ಲುವ ಸೀಮೆಗೆ ದೋಣಿ ಏಕೆಂದು ಕೇಳುತ್ತಾರೆ. ಆದರೆ ಜಯಮಂಗಲಿ ಮೈದುಂಬಿ ಹರಿದ ವರ್ಷ, ಕೆರೆ ಕೋಡಿ ಬಿದ್ದ ವರ್ಷ, ಇಲ್ಲಿಯ ಮೀನುಗಾರನಿಗೆ ಹರಿಗೋಲೇ ನೇಗಿಲು. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಯ ನೀರು ಭಾಷಣಗಳ ಬಂಡವಾಳವಾಯಿತು. ಕೆರೆಯಲ್ಲಿ ಹುಟ್ಟು ಹಾಕುವವನ ಸಾಲದ ಲೆಕ್ಕವನ್ನು ನಾವು ಇಲ್ಲಿ ತೆಗೆಯುತ್ತೇವೆ.

ಹೊಸ ಫೈಬರ್ ಹರಿಗೋಲಿಗೆ ಹಣವಿಲ್ಲದವನು ಹಳೆಯದನ್ನು ಹುಡುಕುತ್ತಾನೆ. ಕೆರೆ ಬತ್ತಿದಾಗ ಮಾರುವವನಿಗೆ ಗರಜು. ತುಂಬಿದಾಗ ಕೊಳ್ಳುವವನಿಗೆ ಗರಜು. ಎರಡು ಕಾಲದಲ್ಲೂ ಗರಜಿಲ್ಲದವನು ರೊಕ್ಕ ಇಟ್ಟುಕೊಂಡು ಏರಿಯ ಮೇಲೆ ಕೂತವನೊಬ್ಬನೇ. ಬತ್ತಿದಾಗ ಕೊಳ್ಳುತ್ತಾನೆ, ತುಂಬಿದಾಗ ಮಾರುತ್ತಾನೆ. ಇದಕ್ಕೆ ಚೌಕಾಸಿ ಎಂಬ ಮರ್ಯಾದೆಯ ಹೆಸರು!

ದನದ ಜಾತ್ರೆಗಳಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೀವೆಲ್ಲ ಬಲ್ಲಿರಿ. ಪಕ್ಕದ ಜೋಡಿ ಎಷ್ಟಕ್ಕೆ ಹೋಯಿತೆಂದು ಯಾರಿಗೂ ತಿಳಿಯಬಾರದು. ಹರಿಗೋಲಿಗೆ ಟವೆಲ್ಲಿಲ್ಲ, ಅಲ್ಲಿ ಸಾಲವೇ ಟವೆಲ್ಲು.

ಸಣ್ಣ ಲೆಕ್ಕ ಹಾಕೋಣ. 9,000 ಹೇಳಿದ ಹರಿಗೋಲನ್ನು 8,000ಕ್ಕೆ ಇಳಿಸಿದಿರಿ ಎಂದಿಟ್ಟುಕೊಳ್ಳಿ. ಸಾವಿರ ಗೆದ್ದೆವೆಂಬ ಸಂತೋಷ. ಸಾಲಕ್ಕೆ ಬಡ್ಡಿಯೂ ಇಲ್ಲ. ಕರಾರು ಒಂದೇ: ಮೀನನ್ನು ಕಿಲೋಗೆ ಹತ್ತು ರೂಪಾಯಿ ಕಡಿಮೆಗೆ ಧಣಿಗೇ ಕೊಡಬೇಕು. ದಿನಕ್ಕೆ 10 ಕಿಲೋ, ನೂರು ದಿನ ಎಂದರೆ 10,000 ರೂಪಾಯಿ ಹೋಯಿತು. ಅಸಲು 8,000 ಹಾಗೆಯೇ ನಿಂತಿದೆ! ದಡದಲ್ಲಿ ಅಗ್ಗವಾದ ಆ ಮೀನು ಸಂತೆಯಲ್ಲಿ ಅಗ್ಗವಾಗುವುದೇ? ಕೂಲಿಯವನೂ ಸಣ್ಣ ವ್ಯಾಪಾರಿಯೂ ಪೂರಾ ಬೆಲೆ ತೆರಬೇಕು.

1951ರ ಕಾಗೋಡು ಹೋರಾಟಕ್ಕೆ ಕಿಡಿ ಹೊತ್ತಿದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಅಳತೆ ಯಾರ ಕೈಯಲ್ಲಿದೆಯೋ ಬೆಲೆಯೂ ಅವರ ಕೈಯಲ್ಲಿ. ಮುಂಗಡ ಪಡೆದು ದುಡಿಯುವ ಗಿರಣಿ ಕೆಲಸಗಾರನಿಗೆ, ಸಾಲದ ಸರಕಿನ ಅಂಗಡಿಯವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಮೀನುಗಾರ ಬಂಧುಗಳಿಗೆ ನಮ್ಮ ಮಾತು ಇಷ್ಟು. ಬೆಲೆಯ ಮಾತಿಗೆ ಮೊದಲು ಹರಿಗೋಲನ್ನು ನೀರಿಗಿಳಿಸಿ, ಇಬ್ಬರು ಕೂತು, ತಳ ಜಿನುಗುತ್ತದೆಯೇ ನೋಡಿ. ಬಿರುಕಿಗೆ ಬಳಿದ ಹೊಸ ಬಣ್ಣವನ್ನು ನಂಬಬೇಡಿ. ಹರಿಗೋಲಿನ ಬೆಲೆಯನ್ನು ನಾಲ್ವರ ಮುಂದೆ ಕಾಗದದಲ್ಲಿ ಬರೆಸಿ. ಅದರಲ್ಲಿ ಮೀನಿನ ಮಾತು ನುಸುಳದಿರಲಿ.

ಇದು ಒಬ್ಬೊಬ್ಬರೇ ಗೆಲ್ಲುವ ಜಗಳವಲ್ಲ. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆ ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇಕಡಾ 60 ಸಹಾಯಧನವೆಂದು ಹೇಳಿತು. ಮಿಕ್ಕ ಪಾಲನ್ನು ಬಡವ ಎಲ್ಲಿಂದ ತರಬೇಕು? ಮತ್ತೆ ಅದೇ ಏರಿ, ಅದೇ ಧಣಿ. ಆ ಮಿಕ್ಕ ಪಾಲಿಗೆ ಸಹಕಾರ ಸಂಘ ಸಾಲ ಕೊಡಲಿ. ಕೆರೆ ಬತ್ತಿದಾಗ ಹಳೇ ಹರಿಗೋಲುಗಳನ್ನು ಸಂಘವೇ ನ್ಯಾಯದ ಬೆಲೆಗೆ ಕೊಂಡು, ಮಳೆ ಬಂದಾಗ ಅದೇ ಬೆಲೆಗೆ ಕೊಡಲಿ. ಮಳೆ ಯಾರಪ್ಪನ ಆಸ್ತಿಯೂ ಅಲ್ಲ. ಅದರ ಲಾಭ ಮಾತ್ರ ಒಬ್ಬನ ಪೆಟ್ಟಿಗೆಗೇ ಏಕೆ ಬೀಳಬೇಕು?